ಮೊದಲ ಅಕ್ಷರ ದೊಡ್ಡದು

ಅರಸೀಕೆರೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ
ಯುಪಿಎಸ್ ಸತ್ತು ಇದು ಎರಡನೇ ಸೆಮಿಸ್ಟರು.
ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯುವುದು
ಆಯುಧಪೂಜೆಗೆ, ಕುಂಕುಮ ಇಡಲಿಕ್ಕೆ.
ಹಾಗಾಗಿ ಪಾಠವೆಲ್ಲ ಅಂಗೈಯಲ್ಲಿ.
ಮೂವತ್ತೊಂದು ಮಕ್ಕಳು, ಮೂವತ್ತೊಂದು ಫೋನು,
ಅಲ್ಲ, ಇಪ್ಪತ್ತಾರು. ಉಳಿದೈವರದು
ಅಣ್ಣನದೋ ಅಪ್ಪನದೋ,
ರಾತ್ರಿ ಒಂಬತ್ತರ ಮೇಲೆ ಕೈಗೆ ಬರುವಂಥದ್ದು.

ನಾನು ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಬರೆದದ್ದು
ಅವರ ಗಾಜಿನೊಳಗೆ ನಾಲ್ಕು ತುಂಡು.
“ಮೇಡಂ, ಇದು ಒಂದ್ ಸಾಲಾ, ನಾಲ್ಕಾ?”
ಒಂದು, ಎಂದೆ.
“ಹೆಂಗ್ ಗೊತ್ತಾಗ್ತದೆ?”
ಫೋನನ್ನು ಅಡ್ಡ ಹಿಡಿ
ಅನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ಬ್ರಾಕೆಟ್ಟು ಕೀಲಿಮಣೆಯ ಎರಡನೇ ಪುಟದಲ್ಲಿ,
ಹೂಬ್ರಾಕೆಟ್ಟು ಮೂರನೆಯದರಲ್ಲಿ.
ನಾಲ್ಕು ಜಾಗ ಬಿಟ್ಟು ಶುರುಮಾಡಿ ಅಂದರೆ
ಹೆಬ್ಬೆರಳು ನಾಲ್ಕು ಸಲ ಬಡಿಯುತ್ತದೆ,
ತುಟಿ ಎಣಿಸುತ್ತದೆ.
ಇಡೀ ತರಗತಿ ಸದ್ದಿಲ್ಲದೆ ತುಟಿ ಅಲುಗಿಸುವಾಗ
ಪಾಠ ಮರೆತು ನಿಂತುಬಿಡುತ್ತೇನೆ, ಒಮ್ಮೊಮ್ಮೆ.

ಸಿಲಬಸ್ಸಿನಲ್ಲಿದ್ದದ್ದು ಸರಳ ಬಡ್ಡಿಯ ಲೆಕ್ಕ.
ಮೆಹಜಬೀನ್ ಎದ್ದು ನಿಂತಳು:
“ಬಡ್ಡಿ ಬ್ಯಾಡ ಮೇಡಂ, ತೂಕ ಮಾಡ್ಲಾ?”
ಅವಳ ಅಬ್ಬಾ ಕೊಬ್ಬರಿ ಯಾರ್ಡಿನಲ್ಲಿ ಹಮಾಲಿ,
ಚೀಲ ಎತ್ತಿ ಕಾಟಾದ ಮೇಲೆ ಇಡುವವರು.
ಮಾಡು, ಎಂದೆ. ಮಾರ್ಕ್ಸು ಯಾವ ಕಾಲಮ್ಮಿಗೆ ಹಾಕುವುದೋ
ಆಮೇಲೆ ನೋಡಿದರಾಯಿತು.

ನಾಲ್ಕು ರಾತ್ರಿ ಅದು ಓಡಲಿಲ್ಲ.
ಒಂಬತ್ತೂಕಾಲಿಗೆ ಕರೆ: “ಕೆಂಪು ಬರ್ತದೆ ಮೇಡಂ.”
ಓದು, ಎನ್ನುತ್ತೇನೆ. ಓದುತ್ತಾಳೆ,
ಹಿಂದೆ ಹುಬ್ಬಳ್ಳಿ ಕಡೆಯ ರೈಲು ಕೂಗುತ್ತದೆ,
ತಡೆದು, ಬಿಟ್ಟಲ್ಲಿಂದ ಮತ್ತೆ ಓದುತ್ತಾಳೆ.
ಪ್ರಿಂಟ್. ಬ್ರಾಕೆಟ್. ಒಟ್ಟು ಕಳೆ ಚೀಲ. ಬ್ರಾಕೆಟ್ ಮುಚ್ಚು.
ಎಲ್ಲಾ ಸರಿ ಇದೆಯಲ್ಲೇ.
“ಸರಿ ಇದ್ರೆ ಯಾಕ್ ಓಡಲ್ಲ?”

ಐದನೇ ದಿನ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಳು,
ಗಾಜಿನಲ್ಲಿ ಕಂಡಂತೆ, ಒಂದು ಚುಕ್ಕೆ ಬಿಡದೆ.
ಮೊದಲ ಸಾಲಿನ ಮೊದಲ ಅಕ್ಷರ
ಎದೆ ಸೆಟೆಸಿ ನಿಂತಿತ್ತು. ದೊಡ್ಡ ಪಿ.
ಅವಳು ಒತ್ತಿದ್ದಲ್ಲ.
ಸಾಲು ಶುರುವಾದರೆ ತಲೆ ಎತ್ತಿಸಬೇಕೆಂದು
ಫೋನಿಗೆ ಯಾರೋ ಕಲಿಸಿದ ಮರ್ಯಾದೆ ಅದು.
ಕಿವಿಗೆ ಹೇಗೆ ಕಂಡೀತು?
ಕನ್ನಡದಲ್ಲಿ ದೊಡ್ಡಕ್ಷರವಿಲ್ಲ;
ರಾಜನ ರಾ, ರಾಗಿಯ ರಾ, ಎರಡೂ ಒಂದೇ ಎತ್ತರ.
ಅವಳ ಮನೆಮಾತಿನ ಲಿಪಿಯಲ್ಲೂ ಇಲ್ಲವಂತೆ.
“ಅಷ್ಟಕ್ಕೇನಾ?” ಅಂದಳು.
ಹೂಂ, ಅಷ್ಟಕ್ಕೇ.

ಆ ರಾತ್ರಿ ಓಡಿತು.
ನಲವತ್ತು ಚೀಲ. ಚೀಲಕ್ಕೆಂದು ಕಳೆದದ್ದು ತಲಾ ಒಂದು ಕಿಲೊ.
ಇವಳು ಖಾಲಿ ಚೀಲವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದಳು:
ಆರುನೂರೈವತ್ತು ಗ್ರಾಂ.
ಪರದೆಯ ಮೇಲೆ ಬಂದದ್ದು ಹದಿನಾಲ್ಕು.
ಯಾರದೋ ಹದಿನಾಲ್ಕು ಕಿಲೊ ಕೊಬ್ಬರಿ,
ಕೆಂಪಿಲ್ಲ, ಎರರ್ ಇಲ್ಲ,
ಬೋಳು ಹದಿನಾಲ್ಕು.

“ಅಬ್ಬಾಗೆ ತೋರಿಸ್ದೆ. ನೋಡಿದ್ರು.
ಏನೂ ಅನ್ನಲಿಲ್ಲ. ಫೋನ್ ಈಸ್ಕೊಂಡು
ಜೇಬಿಗಿಟ್ಕೊಂಡ್ರು,”
ಮಾರನೆಯ ದಿನ ಕಾರಿಡಾರಿನಲ್ಲಿ ಹೇಳಿದಳು,
ಯಾರೂ ಕೇಳದ ಹಾಗೆ.
ಒಂಬತ್ತೂಕಾಲಿಗೆ ಕರೆ ಬರಲಿಲ್ಲ.
ಅದರ ಮರುದಿನವೂ.
ಲೆಕ್ಕ ಬದಲಿಸಲು ಬಿಟ್ಟದ್ದು ನಾನು.
ಬಡ್ಡಿಯದನ್ನೇ ಕೊಟ್ಟಿದ್ದರೆ
ಯಾರ ಜೇಬಿಗೂ ಹೋಗುತ್ತಿರಲಿಲ್ಲ ಅನ್ನಿಸಿತು.

ಶನಿವಾರ ಹತ್ತು ದಾಟಿದ ಮೇಲೆ ಆ ನಂಬರಿನಿಂದ
ಹನ್ನೊಂದು ಸೆಕೆಂಡಿನ ಧ್ವನಿ, ಗಂಡಸಿನದು,
ನಡುವೆ ಒಂದು ಕೆಮ್ಮು:
“ಟೀಚರಮ್ಮಾ, ಮಗಳು ಮಾಡಿದ್ದು ನೋಡ್ದೆ.
ಚೀಲ ಒದ್ದೆಯಾಗಿದ್ರೆ ಏನ್ ಮಾಡ್ತದೆ ಅದು?”

ಹದಿನೇಳು ವರ್ಷ ಕಲಿಸಿದ್ದೇನೆ.
ಮೂರು ಸಲ ಕೇಳಿಸಿಕೊಂಡೆ.
ಆಮೇಲೆ ಅವಳ ಪ್ರೋಗ್ರಾಮನ್ನು ನನ್ನ ಫೋನಿನಲ್ಲಿ ತೆರೆದು,
ನಾಲ್ಕನೇ ಸಾಲಿನ ಕೆಳಗೆ ಬೆರಳಿಟ್ಟು,
ಇಫ್ ಎಂದು ಒತ್ತಿದೆ.
ನನ್ನದೂ ಮೊದಲ ಅಕ್ಷರವನ್ನು ಎತ್ತಿ ನಿಲ್ಲಿಸಿತು.

ಅಳಿಸಿದೆ.